ಟ್ಯಾಮರ್ಯಾಕ್ ಕೆರೆಯ ಪವಿತ್ರ ಸ್ನಾನ

ಪ್ರೊಫೆಸರ್ ಪೆಟಿಗ್ರೂ ಅವರ ಪ್ರಕಾರ ಇಡೀ ಒಂಟಾರಿಯೋ ಪ್ರಾಂತ್ಯದಲ್ಲಿ ಶುದ್ಧವಾಗಿ ಉಳಿದಿದ್ದು ಎರಡೇ. ಒಂದು ಅವರ ಮನಸ್ಸು, ಇನ್ನೊಂದು ಕಾಡಿನೊಳಗಿನ ಟ್ಯಾಮರ್ಯಾಕ್ ಕೆರೆ. ಮನಸ್ಸನ್ನು ಯಾರೂ ಯಂತ್ರಕ್ಕೆ ಹಾಕಿ ನೋಡಿರಲಿಲ್ಲ. ಕೆರೆಯ ನೀರನ್ನು ಮಾತ್ರ ಅವರು ಹತ್ತೊಂಬತ್ತು ವರ್ಷದಿಂದ ಪರೀಕ್ಷೆ ಮಾಡಿ, ಮೈಯೊಳಗಿನ ಹಾರ್ಮೋನಿನ ದಾರಿ ತಪ್ಪಿಸುವ ಒಂದೇ ಒಂದು ರಾಸಾಯನಿಕವೂ ಇಲ್ಲಿಲ್ಲ, ಸೊನ್ನೆ ಅಂದರೆ ಸೊನ್ನೆ ಎಂದು ಬರೆಯುತ್ತ ಬಂದಿದ್ದರು. ಬೇರೆ ಕೆರೆ ಎಷ್ಟು ಕೆಟ್ಟಿದೆ ಎಂದು ಅಳೆಯಲು ಅದೇ ಅಳತೆಗೋಲು. ಊರ ಪಕ್ಕದ ಕೆರೆಯ ಕಥೆಯಂತೂ ಕೇಳಲೇಬೇಡಿ. ಜನ ನುಂಗಿ ಬಿಟ್ಟ ಮಾತ್ರೆಯ ರಸ, ಪ್ಲಾಸ್ಟಿಕ್ಕಿನ ರಸ ಎಲ್ಲ ಕುಡಿದು ಅಲ್ಲಿನ ಗಂಡು ಮೀನುಗಳು ಹೊಟ್ಟೆಯಲ್ಲಿ ಮೊಟ್ಟೆ ಕಟ್ಟಿಕೊಂಡು, "ನಿಂಗೆಷ್ಟು ತಿಂಗಳು?" ಎಂದು ಒಂದನ್ನೊಂದು ವಿಚಾರಿಸಿಕೊಳ್ಳುತ್ತಿದ್ದವು.

ಇಂಥ ಪ್ರೊಫೆಸರ ಲ್ಯಾಬಿಗೆ ಬೇಸಿಗೆಯ ನಾಲ್ಕು ತಿಂಗಳು ಸಂಶೋಧನೆ ಕಲಿಯಲು ಬಂದವಳು ಥಂಡರ್ ಬೇ ಊರಿನ ಹುಡುಗಿ ಐನೋ ಲೆಹ್ತೊ. ಅವಳಿಗೆ ಬೇಕಾಗಿದ್ದು ಪೆಟಿಗ್ರೂ ಸಹಿ ಹಾಕಿದ ಒಂದು ಶಿಫಾರಸು ಪತ್ರ. ಅದಿಲ್ಲದಿದ್ದರೆ ಎಂ.ಎಸ್ಸಿ. ಸೀಟಿಲ್ಲ. ಸೀಟಿಲ್ಲದಿದ್ದರೆ ಚಿಕ್ಕಪ್ಪನ ಪ್ಯಾನ್‌ಕೇಕ್ ಹೋಟೆಲಿನಲ್ಲಿ ಜನ್ಮವಿಡೀ ಹಿಟ್ಟು ಕಲಸುವುದು.

ಲ್ಯಾಬಿನ ಮಡಿಯೋ ಮಡಿ! ಸೆಂಟು ಕೂಡದು, ಕ್ರೀಮು ಕೂಡದು, ಅಂಗಡಿಯ ಬಿಲ್ಲಿನ ಕಾಗದಕ್ಕೂ ರಾಸಾಯನಿಕ ಸವರಿರುತ್ತಾರಂತೆ, ಅದನ್ನು ಮುಟ್ಟಿ ಬಂದರೆ ಮೂರು ಸಲ ಕೈ ತೊಳೆಯಬೇಕು. ಜುಲೈ ಹೊತ್ತಿಗೆ ಲ್ಯಾಬಿನವರು ಲಿಫ್ಟಿನೊಳಗೆ ಕಾಲಿಟ್ಟರೆ ಉಳಿದವರು ಮೂಗು ಮುಚ್ಚಿಕೊಂಡು ಮೆಟ್ಟಿಲು ಹಿಡಿಯುತ್ತಿದ್ದರು.

ಆದರೆ ಮಡಿಯೆಲ್ಲ ಲ್ಯಾಬಿನ ಬಾಗಿಲೊಳಗೆ. ದೋಣಿಯನ್ನು ತಲೆ ಮೇಲೆ ಹೊತ್ತು, ಕಾಡು ದಾಟಿ, ಐದು ಜನ ಟ್ಯಾಮರ್ಯಾಕ್ ಕೆರೆ ತಲುಪಿದ್ದೇ ತಡ, ಪ್ರೊಫೆಸರು ಟೋಪಿ ತೆಗೆದು, ಬಿಸಿಲಿಗೆ ಹಚ್ಚುವ ಕ್ರೀಮಿನ ಅರ್ಧ ಟ್ಯೂಬನ್ನು ಬೋಳುತಲೆಗೆ ಬಳಿದುಕೊಂಡರು. ಉಳಿದವರೂ ಬಳಿದುಕೊಂಡು ದೋಸೆಕಲ್ಲಿನಂತೆ ಮಿಂಚಿದರು.

"ಹಿಡ್ಕೊಳ್ರೋ ಅವಳ್ನ! ಹೊಸಬರನ್ನ ಮುಳುಗಿಸ್ದೆ ಸ್ಯಾಂಪಲ್ ತೆಗ್ಯೋ ಪದ್ಧತಿ ನಮ್ಮಲ್ಲಿಲ್ಲ!" ಎಂದರು ಪ್ರೊಫೆಸರು.

ಐನೋ ನೀರಿಗೆ ಬಿದ್ದಳು. ಹಿಂದೆಯೇ ಎಲ್ಲರೂ ಧುಮುಕಿದರು. ಗಂಟೆಗಟ್ಟಲೆ ಎಮ್ಮೆಗಳ ಹಾಗೆ ಹೊರಳಾಡಿ ಎದ್ದು, ಆಮೇಲೆ ಬಲು ಶಾಸ್ತ್ರೋಕ್ತವಾಗಿ ಕೈಗೆ ಗವಸು ಹಾಕಿಕೊಂಡು, ಅದೇ ಬಂಡೆಯ ಬುಡದ ನೀರನ್ನು ಸೀಸೆಗೆ ತುಂಬಿದರು. ಲ್ಯಾಬಿನಿಂದ ತಂದಿದ್ದ ಅಪ್ಪಟ ನೀರನ್ನೂ ಅಲ್ಲೇ ಒಂದು ಖಾಲಿ ಸೀಸೆಗೆ ಸುರಿದು ಮುಚ್ಚಿದರು. ಯಾರ ಕೈ ಹೊಲಸಾಗಿದ್ದರೂ ಆ ಹೊಲಸು ಈ ಅಪ್ಪಟ ನೀರಿಗೂ ಹತ್ತಿ, ಆ ಸೀಸೆ ಸಾಕ್ಷಿ ಹೇಳುತ್ತದೆ.

ಆ ವರ್ಷ ಮೊದಲ ಸಲ ಬಿಸಿಲು ಕ್ರೀಮಿನ ರಾಸಾಯನಿಕವೂ ಪರೀಕ್ಷೆಯ ಪಟ್ಟಿಗೆ ಸೇರಿತ್ತು. ಅದೂ ಹಾರ್ಮೋನಿನ ಜೊತೆ ಕಿತಾಪತಿ ಮಾಡುವ ಜಾತಿಯದೇ. ಐನೋ ಸ್ಯಾಂಪಲ್ ಹಾಕಿದಳು. ಟ್ಯಾಮರ್ಯಾಕ್ ಸರದಿ ಬಂದಾಗ ಯಂತ್ರದ ಗೆರೆ ಎಷ್ಟು ಎತ್ತರಕ್ಕೆ ಎದ್ದಿತೆಂದರೆ, ಪರದೆ ಹರಿದು ಸೂರಿಗೆ ತಗಲುವುದೊಂದು ಬಾಕಿ. ಊರಿನ ಬೀಚಿನಲ್ಲಿ ಮುನ್ನೂರು ಮಕ್ಕಳು ಮಿಂದ ನೀರಿಗಿಂತ ಮೂರು ಪಟ್ಟು!

"ನೀನೇ ಕ್ರೀಮ್ ಕೈಲಿ ಸೀಸೆ ಮುಟ್ಟಿದೀಯ," ಎಂದರು ಪೆಟಿಗ್ರೂ.

"ಹಾಗಿದ್ರೆ ಅಪ್ಪಟ ನೀರಿನ ಸೀಸೇಲೂ ಬರ್ಬೇಕಿತ್ತಲ್ಲ, ಸರ್? ಅದು ಸೊನ್ನೆ."

ಪ್ರೊಫೆಸರು ಬೋಳುತಲೆ ಸವರಿಕೊಂಡರು. "ನೋಡಮ್ಮ, ಮುಂದಿನ ವಾರ ನಿಮ್ಮ ಕೆಲ್ಸದ ಪೋಸ್ಟರ್ ಪ್ರದರ್ಶನ. ಆ ಸಾಲೊಂದು ಬಿಟ್ಬಿಡು. ಅದಾದ ಶುಕ್ರವಾರ ನಿನ್ನ ಪತ್ರಕ್ಕೆ ಸಹಿ ಹಾಕ್ತೀನಿ."

ಐನೋ ಹೋಗಿ ಯಂತ್ರದ ಮುಂದೆ ಕುಕ್ಕರಿಸಿದಳು. ಆ ಯಂತ್ರವನ್ನು ಸಾಕಿ ಸಲಹುತ್ತಿದ್ದವಳು ಓಡೆಟ್, ಮೂವತ್ತು ವರ್ಷ ಅಲ್ಲೇ ಕೂತು ತಲೆ ನರೆತ ಹೆಂಗಸು.

"ಓಡೆಟ್, ಈ ಕ್ರೀಮು ಎಲ್ಲಿಂದ ಬಂತು ಅಂತ ನಿಮಗ್ಗೊತ್ತಾ?"

"ಗೊತ್ತಿಲ್ದೆ ಏನು ಕೂಸೇ? ಅಷ್ಟಗಲ ತಲೆ ಅದ್ದಿ ತೆಗೆದ್ರೆ ಬರ್ದೆ ಇನ್ನೇನು?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ. ಕೊಡೋ ಸಂಬ್ಳ ಯಂತ್ರ ನಡ್ಸಕ್ಕೆ, ಬಾಯಿ ನಡ್ಸಕ್ಕಲ್ಲ." ಆಮೇಲೆ ಕಾರಿನ ಕೀಲಿ ಎತ್ತಿಕೊಂಡಳು. "ನಾಳೆ ಮೋಡ ಅಂತೆ. ಮೈಗೆ ಏನೂ ಹಚ್ಕೊಳ್ದೆ ಬಾ, ಹೋಗೋಣ."

ಏನೂ ಹಚ್ಚಿಕೊಳ್ಳದ ಇಬ್ಬರನ್ನು ಕಂಡು ಕಾಡಿನ ಕಚ್ಚುವ ಕರಿನೊಣಗಳು ಮದುವೆಯೂಟಕ್ಕೆ ನೆಂಟರಿಷ್ಟರನ್ನೆಲ್ಲ ಕರೆದವು. ಮುಖ ಕುಂಬಳಕಾಯಿಯಾದರೂ ಐನೋ ಅದೇ ಬಂಡೆಯ ಬುಡದಲ್ಲಿ, ನೀರಿಗಿಳಿಯದೆ, ಸೀಸೆ ತುಂಬಿದಳು. ಯಂತ್ರ ಹೇಳಿತು: ಸೊನ್ನೆ. ಕೆರೆ ಪಾಪ ಶುದ್ಧವೇ. ಹೊಲಸು ಬಂದಿದ್ದು ಶುದ್ಧಿ ಪರೀಕ್ಷೆಗೆ ಬಂದವರ ಜೊತೆ.

ಪೋಸ್ಟರ್ ದಿನ ಅವಳ ಹಾಳೆಯಲ್ಲಿ ಎರಡು ಸಾಲು ದಪ್ಪ ಅಕ್ಷರದಲ್ಲಿದ್ದವು: 'ಟ್ಯಾಮರ್ಯಾಕ್, ನಾವು ಮೀಯದ ದಿನ' ಮತ್ತು 'ಟ್ಯಾಮರ್ಯಾಕ್, ನಾವು ಮಿಂದ ದಿನ'. ಶಿಫಾರಸು ಪತ್ರ ಕೈತಪ್ಪಿತು ಎಂದುಕೊಂಡೇ ಅಂಟಿಸಿದ್ದಳು.

ಹೊರಗಿನಿಂದ ನೋಡಲು ಬಂದಿದ್ದ ಮೀನಿನ ಇಲಾಖೆಯ ಅಧಿಕಾರಿಣಿ ಕನ್ನಡಕ ಏರಿಸಿ ಕೇಳಿದಳು, "ನಾವು ಅಂದ್ರೆ ಯಾರಮ್ಮ?"

ಬೆನ್ನ ಹಿಂದೆ ಪೆಟಿಗ್ರೂ ನಿಂತಿದ್ದರು. ಐನೋ ತಿರುಗಿ ನೋಡದೆ ಹೇಳಿದಳು. "ಲ್ಯಾಬಿನೋರು, ಮೇಡಂ. ಪ್ರೊಫೆಸರ್ರೂ ಸೇರಿ ಐದು ಜನ."

ಅಧಿಕಾರಿಣಿ ಪ್ರೊಫೆಸರ ತಲೆಯನ್ನು ಈ ಕಿವಿಯಿಂದ ಆ ಕಿವಿಯವರೆಗೆ ನಿಧಾನವಾಗಿ ಅಳೆದಳು. "ವಿಸ್ತೀರ್ಣ ಚೆನ್ನಾಗೇ ಇದೆ," ಎಂದಳು.

ಪೆಟಿಗ್ರೂ ಬೀಟ್‌ರೂಟಿನಂತೆ ಕೆಂಪಾದರು. ಆಮೇಲೆ ಎದೆ ಉಬ್ಬಿಸಿದರು. "ಹೌದು ಮೇಡಂ, ನಾನೇ. ಬೇಕು ಅಂತ್ಲೇ ಮಾಡಿದ್ದು. ಇದು ನನ್ನ ಹತ್ತೊಂಬತ್ತು ವರ್ಷದ ಪ್ರಯೋಗ!"

ಪಕ್ಕದಲ್ಲಿ ನಿಂತಿದ್ದ ಓಡೆಟ್‌ಗೆ ಎಂಥ ಕೆಮ್ಮು ಬಂತೆಂದರೆ, ಕಾರಿಡಾರಿನ ತುದಿಗೆ ಹೋದರೂ ನಿಲ್ಲಲಿಲ್ಲ.

ಶುಕ್ರವಾರ ಪತ್ರ ಬಂತು, ಸಹಿ ಸಮೇತ. 'ನಾನು ಬಲು ಮುಂದಾಲೋಚನೆಯಿಂದ ಹೂಡಿದ ಸ್ನಾನಪ್ರಯೋಗವನ್ನು ಇಷ್ಟು ವರ್ಷಗಳಲ್ಲಿ ಅರ್ಥ ಮಾಡಿಕೊಂಡವಳು ಇವಳೊಬ್ಬಳೇ' ಎಂದಿತ್ತು. ಐನೋ ಎರಡು ಸಲ ಓದಿದಳು. 'ಮುಂದಾಲೋಚನೆ'ಯನ್ನಾದರೂ ಹೊಡೆದುಹಾಕೋಣವೆಂದು ಪೆನ್ನಿನ ಮುಚ್ಚಳ ತೆಗೆದಳು.

ತನ್ನ ಸುಳ್ಳಲ್ಲ, ತನ್ನ ಸಹಿಯೂ ಅಲ್ಲ. ಸೀಟು ಮಾತ್ರ ತನ್ನದು. ಮುಚ್ಚಳ ಹಾಕಿ, ಲಕೋಟೆಗೆ ಎಂಜಲು ಹಚ್ಚಿ ಅಂಟಿಸಿದಳು.