ಕನ್ನಡಿ ಮೇಸ್ತ್ರಿಯ ಊಟದ ಹೊತ್ತು

ಕಡ್ಡಿಯ ತುದಿ ಚೂಪು ಮಾಡಿಕೊಂಡು ಅವಳು ಗಂಡನ ಉಗುರುಗಳ ಸಂದಿಯಿಂದ ಕಾರಿನ ಪಾಲಿಶ್ ತೆಗೆಯುತ್ತಿದ್ದಳು. ಬಲಗೈಯ ನಾಲ್ಕು ಬೆರಳು ಮುಗಿದಿದ್ದವು. ಹೆಬ್ಬೆರಳಿನದು ಮಾತ್ರ ಹಿಟ್ಟಿನ ಹಾಗೆ ಒಣಗಿ ಕೂತುಬಿಟ್ಟಿತ್ತು, ಏನು ಮಾಡಿದರೂ ಬರಲೊಲ್ಲದು.

"ಸಾಕು ಬಿಡಮ್ಮಾ, ಚಿತಾಗಾರದ ವ್ಯಾನು ಬರೋ ಹೊತ್ತಾಯ್ತು," ಎಂದಳು ಪಕ್ಕದ ಮನೆಯ ಟೈಲರಮ್ಮ. "ಇನ್ನು ಅವರ ಉಗುರು ಯಾರು ನೋಡ್ತಾರೆ?"

"ಅವರೇ ನೋಡ್ಕೊಳ್ಳೋರು. ತಟ್ಟೆ ಮುಂದೆ ಕೂರೋ ಮುಂಚೆ ಹತ್ತು ನಿಮಿಷ ಕೈ ತೊಳೀತಿದ್ರು."

"ಹತ್ತು ನಿಮಿಷಾನಾ! ನಮ್ಮನೆಯವರು ಅಷ್ಟರಲ್ಲಿ ಸ್ನಾನಾನೇ ಮುಗಿಸ್ತಾರೆ." ಆಡಿದ ಮೇಲೆ ಟೈಲರಮ್ಮ ನಾಲಿಗೆ ಕಚ್ಚಿಕೊಂಡಳು. ಆದರೆ ಕಡ್ಡಿ ಹಿಡಿದವಳ ಮುಖದಲ್ಲಿ ನಗುವಿನಂಥದ್ದೇನೋ ಸುಳಿದು ಹೋಯಿತು.

ಮುಂದಿನ ಕೋಣೆಯ ತುಂಬ ಜನ. ಚಪ್ಪಲಿ ಬಿಡಲು ಜಾಗವಿಲ್ಲದೆ ಕೆಲವರು ಬಾಗಿಲಾಚೆಯೇ ನಿಂತಿದ್ದರು. ಕಾರಿಗೆ ಪಾಲಿಶ್ ಹಾಕುವ ಒಬ್ಬ ಮನುಷ್ಯನಿಗೆ ಇಷ್ಟೊಂದು ಜನ ಇದ್ದಾರೆಂದು ಅವಳಿಗೇ ಗೊತ್ತಿರಲಿಲ್ಲ.

"ನನ್ನ ಮದುವೆ ದಿನ ಇವರು ಉಜ್ಜಿದ ಕಾರಿನ ಬಾಗಿಲಲ್ಲಿ ನೋಡ್ಕೊಂಡೇ ನಾನು ಮೀಸೆ ತಿದ್ದಿದ್ದು," ಎಂದ ಟ್ಯಾಕ್ಸಿಯವನು.

"ಸುಮ್ನೆ ಕನ್ನಡಿ ಮೇಸ್ತ್ರಿ ಅಂತ ಹೆಸರು ಬರುತ್ತೇನಯ್ಯಾ?" ಎಂದ ಪೇಂಟ್ ಅಂಗಡಿಯವನು. "ಕೊನೇ ದಿನದವರೆಗೂ ಒಂದು ಗೆರೆ ಬಿಟ್ಟ ಕೈಯಲ್ಲ ಅದು."

ಆ ಮಾತಿಗೆ ಅವಳ ಕೈಯ ಕಡ್ಡಿ ನಿಂತಿತು. ಬಾಗಿಲ ಬಳಿ ಇದ್ದ ತಮ್ಮನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ಇಪ್ಪತ್ತು ವರ್ಷದಿಂದ ಭಾವನ ಜೊತೆಯಲ್ಲೇ ಶೆಡ್ಡಿನಲ್ಲಿ ದುಡಿದವನು. ಸ್ವಲ್ಪ ಹೊತ್ತಿಗೆ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ.

"ಅಕ್ಕಾ, ನರ್ಸಮ್ಮನ ಕಪ್ಪು ಕಾರು ಹಾಗೇ ನಿಂತಿದೆ," ಎಂದು ಪಿಸುಗುಟ್ಟಿದ. "ನಿನ್ನೆ ಬೆಳಿಗ್ಗೆ ಭಾವ ಬಾನೆಟ್ ಪಾಲಿಶ್ ಮಾಡಿಟ್ಟು ಊಟಕ್ಕೆ ಬಂದ್ರಲ್ಲ, ಆಮೇಲೆ ನಾನು ಮುಟ್ಟೇ ಇಲ್ಲ. ಅವರಿಗೆ ಕಾರು ಇವತ್ತೇ ಬೇಕಂತೆ. ಬಿಸಿಲಿಗೆ ತೆಗೆದ್ರೆ ಎಲ್ಲಾ ಕಾಣುತ್ತೆ."

"ಚಿತಾಗಾರದಿಂದ ಬಂದ ತಕ್ಷಣ ಹೋಗಿ ಸರಿ ಮಾಡು," ಎಂದಳು ತುಟಿ ಅಲುಗಿಸದೆ. "ಇಷ್ಟು ದಿನ ಕಾಪಾಡಿದ್ದೀವಿ. ಇವತ್ತೊಂದು ದಿನ ಅವರ ಹೆಸರು ಹೋಗೋದು ಬೇಡ."

* * *

ಮೂರು ವರ್ಷದ ಹಿಂದೆ ಒಂದು ಸಂಜೆ ತಮ್ಮ ಅವಳನ್ನು ಶೆಡ್ಡಿಗೆ ಕರೆಸಿಕೊಂಡಿದ್ದ. ಮೇಸ್ತ್ರಿ ಆ ತಿಂಗಳಲ್ಲಿ ನಾಲ್ಕನೇ ಸಲ ಕನ್ನಡಕದ ಅಂಗಡಿಗೆ ಹೋಗಿದ್ದ. ತಮ್ಮ ಕೈದೀಪ ಹಿಡಿದು ಒಂದು ಕೆಂಪು ಕಾರಿನ ಬಾಗಿಲಿಗೆ ಬೆಳಕು ಬಿಟ್ಟ.

"ಏನು ಕಾಣುತ್ತೆ?"

"ಕೆಂಪು."

"ಅಯ್ಯೋ, ಸರಿಯಾಗಿ ನೋಡಕ್ಕಾ."

ದೀಪವನ್ನು ಓರೆ ಮಾಡಿದಾಗ ಕಂಡಿತು. ಪಾಲಿಶ್ ಮಷೀನಿನ ಮೇಲೆ ಕೈಯ ಭಾರ ಒಂದೇ ಸಮ ಇಲ್ಲದಿದ್ದರೆ, ಕೊನೆಗೆ ಮೆತ್ತನೆಯ ಪ್ಯಾಡು ಹಾಕಿ ನಯ ಮಾಡದಿದ್ದರೆ, ಅದು ಓಡಿದ ದಾರಿ ಬಣ್ಣದ ಮೇಲೆ ಸುತ್ತುಸುತ್ತಾಗಿ ಉಳಿದುಬಿಡುತ್ತದೆ. ನೆರಳಲ್ಲಿ ಇದ್ದೂ ಇಲ್ಲದ ಹಾಗೆ ಇರುತ್ತದೆ. ದೀಪಕ್ಕೋ ಬಿಸಿಲಿಗೋ ಸಿಕ್ಕಿತೆಂದರೆ ಜೇಡರ ಬಲೆಯ ಹಾಗೆ ಎದ್ದು ನಿಲ್ಲುತ್ತದೆ. ಬೇರೆಯವರ ಕಾರಿನಲ್ಲಿ ಅಂಥ ಸುತ್ತು ಕಂಡರೆ, ಯಾವನೋ ಇದನ್ನು ಪಾತ್ರೆ ಅಂದುಕೊಂಡು ತಿಕ್ಕಿದ್ದಾನೆ ಎಂದು ಮೇಸ್ತ್ರಿ ಬೈಯುತ್ತಿದ್ದ.

ಈಗ ಅವನಿಗೆ ಅದು ಕಾಣುತ್ತಿರಲಿಲ್ಲ. ಕಣ್ಣಿನ ನಟ್ಟನಡುವೆ ಮಸುಕು ಕೂತಿದೆ, ಇನ್ನು ಹೋಗುವುದಿಲ್ಲ ಎಂದು ಡಾಕ್ಟರು ಅವಳಿಗೆ ಹೇಳಿದ್ದರು. ಮೇಸ್ತ್ರಿಗೂ ಹೇಳಿದ್ದರು. ಅವನು ಮಾತ್ರ ಎಲ್ಲ ತಪ್ಪನ್ನೂ ಕನ್ನಡಕದ ಅಂಗಡಿಯವನ ತಲೆಗೆ ಕಟ್ಟಿದ್ದ.

"ಭಾವಂಗೆ ಹೇಳೋ ಧೈರ್ಯ ನಂಗಿಲ್ಲ," ಎಂದ ತಮ್ಮ. "ನೀನು ಹೇಳ್ತೀಯಾ?"

"ಹೇಳಿ? ಅವರ ಕೈಯಿಂದ ಮಷೀನು ಕಿತ್ಕೊಂಡು ಏನು ಕೊಡ್ಲೋ, ಟೀವಿ ರಿಮೋಟಾ?"

ಇಬ್ಬರೂ ಸೇರಿ ಹೂಡಿದ ಆಟ ಇಷ್ಟೇ. ದಿನಕ್ಕೊಂದು ಗಂಟೆ ಮೇಸ್ತ್ರಿ ಶೆಡ್ಡಿನಲ್ಲಿ ಇರಬಾರದು. ಆ ಹೊತ್ತಿನಲ್ಲಿ ತಮ್ಮ ಅವನ ಬೆಳಗಿನ ಕೆಲಸದ ಮೇಲೆ ಮಷೀನು ಓಡಿಸಿ ಸುತ್ತುಗಳನ್ನು ಅಳಿಸಬೇಕು. ಮೂವತ್ತು ವರ್ಷದಿಂದ ಅವಳು ದಿನಾ ಡಬ್ಬಿ ಹೊತ್ತುಕೊಂಡು ಹೋಗಿ ಕೊಡುತ್ತಿದ್ದಳು. ಅವನು ನಿಂತುಕೊಂಡೇ ಐದು ನಿಮಿಷದಲ್ಲಿ ಬಾಯಿಗೆ ಸುರಿದುಕೊಂಡು ಡಬ್ಬಿ ವಾಪಸ್ಸು ಕೈಗಿಡುತ್ತಿದ್ದ.

"ಇನ್ಮೇಲೆ ಡಬ್ಬಿ ಇಲ್ಲ," ಎಂದಳು ಮರುದಿನ. "ನನ್ನ ಮೊಣಕಾಲು ಮಾತು ಕೇಳ್ತಿಲ್ಲ. ಮನೆಗೇ ಬಂದು ಉಣ್ಣಿ."

ಒಂದು ಮಾತೂ ಎದುರಾಡದೆ ಬಂದ. ಆದರೆ ಉಂಡವನನ್ನು ಒಂದು ಗಂಟೆ ಹಿಡಿದಿಡಬೇಕಲ್ಲ? ಅವಳು ಬೆಳಿಗ್ಗೆಯೇ ನಲ್ಲಿಯ ವಾಷರ್ ತೆಗೆದಿಡುತ್ತಿದ್ದಳು. ಇನ್ನೊಂದು ದಿನ ಕುರ್ಚಿಯ ಕಾಲಿನ ಸ್ಕ್ರೂ ಸಡಿಲಿಸುತ್ತಿದ್ದಳು. ಗಡಿಯಾರ ವಾರಕ್ಕೊಮ್ಮೆ ನಿಲ್ಲುತ್ತಿತ್ತು.

"ಈ ಮನೆ ಸಾಮಾನಿಗೆಲ್ಲ ಏನು ರೋಗ ಬಂದಿದೆಯೇ?" ಎನ್ನುತ್ತಾ ಅವನು ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂರುತ್ತಿದ್ದ. ಕೈಯಿಂದ ತಡವಿ ತಡವಿ ಸ್ಕ್ರೂ ಹುಡುಕುವುದನ್ನು ನೋಡಲಾರದೆ ಅವಳು ಎದುರಿಗೆ ಕೂತು ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಟೈಲರಮ್ಮ ಯಾರ ರವಿಕೆ ಕೆಡಿಸಿದಳು, ಯಾರು ಯಾರ ಜೊತೆ ಮಾತು ಬಿಟ್ಟರು. ಅವನು ಹೂಂಗುಟ್ಟುತ್ತಿದ್ದ. ಅವಳ ಕಣ್ಣು ಮಾತ್ರ ಗಡಿಯಾರದ ಮೇಲೆ.

ನಿನ್ನೆಯೂ ಹಾಗೇ ಕುರ್ಚಿಯ ಮುಂದೆ ಕೂತಿದ್ದ. ಹೂಂ ಎನ್ನುವುದು ನಿಂತಿತು. ಅವಳು ಇನ್ನೂ ಎರಡು ಮಾತು ಹೇಳಿದ ಮೇಲೆ ತಿರುಗಿ ನೋಡಿದಳು.

* * *

ಚಿತಾಗಾರದ ಹಜಾರದಲ್ಲಿ ಸಾಲಾಗಿ ಬೆಂಚುಗಳಿದ್ದವು. ಇವರದು ಐದನೇ ನಂಬರು. ತಮ್ಮ ಕಾಗದಪತ್ರ ಹಿಡಿದು ಕಿಟಕಿಯ ಬಳಿ ನಿಂತಿದ್ದ. ಕಪ್ಪು ಕಾರಿನ ನರ್ಸಮ್ಮ ಬಂದು ಅವಳ ಪಕ್ಕದಲ್ಲಿ ಕೂತರು. ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಅಭ್ಯಾಸಬಲದಿಂದ ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದರು.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

"ಹೂಂ," ಎಂದು ಸುಳ್ಳು ಹೇಳಿದಳು. ಆಮೇಲೆ, "ನಿಮ್ಮ ಕಾರು ಸಂಜೆ ಕೊಡಿಸ್ತೀನಿ ನರ್ಸಮ್ಮ. ಇನ್ನೊಂಚೂರು ಕೆಲಸ ಉಳಿದಿದೆ," ಎಂದಳು.

"ನಿಮ್ಮ ತಮ್ಮನ ಕೆಲಸ ತಾನೇ?"

ಅವಳು ಕೈ ಎಳೆದುಕೊಳ್ಳಹೋದಳು. ನರ್ಸಮ್ಮ ಕೈ ಬಿಡಲಿಲ್ಲ.

"ಹೆದರ್ಬೇಡಿ. ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ನಲವತ್ತು ವರ್ಷ ರೋಗಿಗಳನ್ನ ನೋಡಿದೋಳು ನಾನು. ಮೇಸ್ತ್ರಿ ನನ್ನ ಮುಖ ನೋಡ್ಬೇಕಾದ್ರೆ ನನ್ನ ಕಿವಿ ಕಡೆ ನೋಡೋರು. ಅವರಿಗೆ ನಡುವೆ ಏನೂ ಕಾಣಲ್ಲ, ಪಕ್ಕದಲ್ಲಷ್ಟೇ ಕಾಣುತ್ತೆ ಅಂತ ಗೊತ್ತಾಯ್ತು. ಹೋದ ವರ್ಷ ನೇರವಾಗಿ ಕೇಳಿಬಿಟ್ಟೆ, ಮತ್ತೆ ಕೆಲಸ ಹೆಂಗೆ ನಡೀತಿದೆ ಮೇಸ್ತ್ರಿ ಅಂತ."

"ಏನಂದ್ರು?"

"ನಾನು ಊಟಕ್ಕೆ ಹೋಗ್ತೀನಲ್ಲ, ಆಗ ನಡೆಯುತ್ತೆ ಅಂದ್ರು."

ಒಳಗಿನಿಂದ ನಾಲ್ಕನೇ ನಂಬರು ಕೂಗಿದರು. ಮುಂದಿನ ಬೆಂಚಿನವರು ಎದ್ದು ಹೋದರು.

"ಗೊತ್ತಿತ್ತಾ ಅವರಿಗೆ?"

"ಮೊದಲ ವಾರದಿಂದ್ಲೇ. ಮಷೀನು ಓಡಿದ ಜಾಗ ಬಿಸಿಯಾಗುತ್ತಂತೆ. ಬೆಳಿಗ್ಗೆ ಮಾಡಿಟ್ಟಿದ್ದು ಊಟ ಮುಗಿಸಿ ಬರೋಷ್ಟರಲ್ಲಿ ತಣ್ಣಗಾಗಿರ್ಬೇಕು, ಆದ್ರೆ ಕೈ ಇಟ್ರೆ ಬೆಚ್ಚಗೆ. ನೆರಳಲ್ಲಿ ನಿಂತಿರೋ ಕಾರಿಗೆ ಜ್ವರ ಬರುತ್ತಾ ನರ್ಸಮ್ಮ, ನೀವೇ ಹೇಳಿ ಅಂತ ನಗ್ತಿದ್ರು."

"ಮತ್ತೆ ಯಾಕೆ ಹೇಳ್ಲಿಲ್ಲ? ನನ್ನ ಹತ್ರ ಯಾಕೆ ಒಂದು ಮಾತು..."

"ನಾನೂ ಅದನ್ನೇ ಕೇಳ್ದೆ. ಹೇಳಿದ್ರೆ ನಾಳೆಯಿಂದ ಮತ್ತೆ ಡಬ್ಬಿ ಅಂದ್ರು. ಮೂವತ್ತು ವರ್ಷ ಆದ್ಮೇಲೆ ಈಗ ನನ್ನ ಹೆಂಡತಿ ನನ್ನ ಎದುರಿಗೆ ಕೂತು ಮಾತಾಡ್ತಾಳೆ, ದಿನಾ ಒಂದು ಗಂಟೆ. ನಲ್ಲಿ ಅವಳೇ ಬಿಚ್ಚಿಟ್ಟಿರ್ತಾಳೆ. ಪಾಪ, ಕಳ್ಳತನ ಬರಲ್ಲ ಅವಳಿಗೆ, ವಾಷರ್ ಅಲ್ಲೇ ಕಟ್ಟೆ ಮೇಲೆ ಇಟ್ಟಿರ್ತಾಳೆ. ಅದಕ್ಕೇ ನಾನೂ ನಿಧಾನವಾಗಿ ಹಾಕ್ತೀನಿ ಅಂದ್ರು."

ಅವಳು ಎದುರಿನ ಗೋಡೆ ನೋಡುತ್ತ ಕೂತಳು. ಒಂದೇ ಸ್ಕ್ರೂವನ್ನು ಮೂರು ಮೂರು ಸಲ ಬಿಗಿದು ಬಿಚ್ಚುತ್ತಿದ್ದ ಆ ಕೈಗಳು. ಕಣ್ಣು ಕಾಣದ್ದಕ್ಕೆ ಎಂದುಕೊಂಡು ಅವಳು ಕಣ್ಣೀರು ನುಂಗಿದ್ದಳು. ಗಡಿಯಾರ ನೋಡುತ್ತಲೇ ಕಳೆದುಬಿಟ್ಟಳಲ್ಲ ಆ ಗಂಟೆಗಳನ್ನೆಲ್ಲ.

"ಐದು," ಎಂದು ಕೂಗಿದರು.

* * *

ಮಧ್ಯಾಹ್ನ ಅವಳು ಮನೆಯೊಳಗೆ ಹೋಗಲಿಲ್ಲ. ತಮ್ಮನ ಹಿಂದೆಯೇ ನೆಟ್ಟಗೆ ಶೆಡ್ಡಿಗೆ ನಡೆದಳು. ನರ್ಸಮ್ಮ, ಟ್ಯಾಕ್ಸಿಯವನು, ಪೇಂಟ್ ಅಂಗಡಿಯವನು, ಇನ್ನೂ ನಾಲ್ಕಾರು ಜನ ಬಾಗಿಲ ಬಳಿ ನಿಂತರು. ತಮ್ಮ ಅವರಿಗೆ ಬೆನ್ನು ಮಾಡಿ ಮಷೀನಿನ ವಯರು ಬಿಚ್ಚಿ, ಮೆತ್ತನೆಯ ಪ್ಯಾಡು ಅಂಟಿಸಿದ.

"ಒಂದರ್ಧ ಗಂಟೆ," ಎಂದ ಯಾರನ್ನೂ ನೋಡದೆ. "ಸ್ವಲ್ಪ ಧೂಳು ಕೂತಿದೆ, ತೆಗೆದು ಕೊಟ್ಬಿಡ್ತೀನಿ."

ಮಷೀನು ಗುಂಯ್ ಎಂದಿತು. ಅವಳು ಹೋಗಿ ಗೋಡೆಯ ಸ್ವಿಚ್ಚು ಆರಿಸಿದಳು.

"ಅಕ್ಕಾ?"

"ಇಡು ಕೆಳಗೆ."

"ಬೆಳಿಗ್ಗೆ ನೀನೇ ತಾನೇ..."

"ಹೌದು, ನಾನೇ. ಈಗ ನಾನೇ ಇಡು ಅಂತಿದೀನಿ." ಅವಳು ನರ್ಸಮ್ಮನ ಕಡೆ ತಿರುಗಿದಳು. ಮೂರು ವರ್ಷ ಯಾವ ಮಾತು ಬಾಯಿಂದ ಜಾರದ ಹಾಗೆ ನೋಡಿಕೊಂಡಿದ್ದಳೋ ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಈ ಬಾನೆಟ್ ಅವರೇ ಮಾಡಿದ್ದು ನರ್ಸಮ್ಮ. ನಿನ್ನೆ ಬೆಳಿಗ್ಗೆ. ಅವರಿಗೆ ಕಣ್ಣು ಕಾಣ್ತಿರಲಿಲ್ಲ. ಇದರ ಮೇಲೆ ಇನ್ಯಾರೂ ಕೈ ಇಟ್ಟಿಲ್ಲ. ಹೀಗೇ ತಗೊಂಡು ಹೋಗ್ತೀರಾ? ಇಲ್ಲ ಅಂದ್ರೂ ಬೇಜಾರಿಲ್ಲ, ಕಾರು ನಿಮ್ಮದು."

ಪೇಂಟ್ ಅಂಗಡಿಯವನು ಬಾನೆಟ್ ಕಡೆ ಬಗ್ಗಿ ನೋಡಿದ.

"ಕೀ ಕೊಡಿ," ಎಂದರು ನರ್ಸಮ್ಮ.

ಕಪ್ಪು ಕಾರು ಶೆಡ್ಡಿನ ನೆರಳಿನಿಂದ ಮೆಲ್ಲಗೆ ಹೊರಬಂತು. ಮೂತಿಯ ಮೇಲೆ ಬಿಸಿಲು ಬಿದ್ದದ್ದೇ ತಡ, ಸುತ್ತುಗಳು ಎದ್ದವು. ಎಡದಿಂದ ಬಲಕ್ಕೆ, ಒಂದರ ಮೇಲೊಂದು, ತೋಳು ಚಾಚಿದಷ್ಟು ಅಗಲಕ್ಕೆ. ನಡುವೆ ಒಂದು ಕಡೆ ಸಾಲು ತಪ್ಪಿ ಸ್ವಲ್ಪ ಕೆಳಗಿನಿಂದ ಮತ್ತೆ ಶುರುವಾಗಿತ್ತು. ಅಲ್ಲಿ ಮೇಸ್ತ್ರಿ ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡಿರಬೇಕು. ಅಂಚಿನ ಬಳಿ ಭಾರ ಕಡಿಮೆಯಾಗಿತ್ತು. ಅಂಚಿನಲ್ಲಿ ಬಣ್ಣ ತೆಳು, ಒತ್ತಿದರೆ ಸುಟ್ಟುಹೋಗುತ್ತದೆ ಎನ್ನುವುದನ್ನು ಕೈ ಮರೆತಿರಲಿಲ್ಲ.

ಟ್ಯಾಕ್ಸಿಯವನು ಟೋಪಿ ತೆಗೆದು ಹಿಡಿದುಕೊಂಡ.

ಕಾರು ರಸ್ತೆಗಿಳಿದು ಬದಿಯ ಮರಗಳ ಕೆಳಗೆ ಸಾಗಿತು. ಅವಳು ನಾಲ್ಕು ಹೆಜ್ಜೆ ಅದರ ಜೊತೆಗೇ ನಡೆದಳು. ನೆರಳು ಬಂದಾಗ ಬಾನೆಟ್ ಬರೀ ಕಪ್ಪಾಯಿತು. ನೆರಳು ದಾಟಿದಾಗ ಆ ಸುತ್ತುಗಳೆಲ್ಲ ಮತ್ತೆ ಎದ್ದುಬಂದವು. ಇನ್ನೊಂದು ಮರ. ಮತ್ತೆ ಕಪ್ಪು. ಅವಳು ನಿಂತು, ಕಾರು ಅದನ್ನೂ ದಾಟಲೆಂದು ಕಾದಳು.