ಪತ್ರಿಕೆಯ ಕೊನೆಯ ಹೆಸರು

ಹಾವೇರಿ ಜಿಲ್ಲೆಯ ಸಾರ್ವಜನಿಕ ಬದುಕನ್ನು ಅಲುಗಾಡಿಸಿದ ಘಟನೆಗಳಲ್ಲಿ, 2004ರ ಬೇಸಿಗೆಯಲ್ಲಿ ರಾಣೆಬೆನ್ನೂರಿನ ಸೋಮಣ್ಣನ ಹೆಸರು ಒಂದು ಲಗ್ನಪತ್ರಿಕೆಯ ಕಟ್ಟಕಡೆಯ ಸಾಲಿಗೆ ಬಿದ್ದದ್ದು ಪ್ರಮುಖವಾದುದು. ಅದೇ ಬೇಸಿಗೆಯಲ್ಲಿ ದೇಶದಲ್ಲಿ ಚುನಾವಣೆಯೂ ನಡೆಯಿತು. ಸೋಮಣ್ಣನ ಬೀಜದಂಗಡಿಯಲ್ಲಿ ಅದರ ಮಾತು ಬರಲಿಲ್ಲ.

ಪತ್ರಿಕೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಮೈಲಾರೆಪ್ಪನ ಮಗಳು ಅರುಣಾಳ ಮದುವೆಯದು. ಸೋಮಣ್ಣ ಅವಳ ಸೋದರಮಾವ. ಸುಖಾಗಮನ ಬಯಸುವವರ ಸಾಲನ್ನು ಮೈಲಾರೆಪ್ಪ ತನ್ನ ಅಣ್ಣ ಭರಮಣ್ಣನಿಂದ ಶುರುಮಾಡಿ, ದಲಾಲರು, ಕೋಲ್ಡ್ ಸ್ಟೋರೇಜಿನ ಮಾಲಕರು, ಅವರ ಬೀಗರು, ಎಲ್ಲರನ್ನೂ ನೆನೆನೆನೆದು ಬರೆಸಿದ. ಹೆಂಡತಿಯ ತಮ್ಮ ಮನೆಯ ಮನುಷ್ಯನೇ ಆದದ್ದರಿಂದ ನೆನಪಾಗಲಿಲ್ಲ. ಅಚ್ಚಿಗೆ ಹೋಗುವ ಹೊತ್ತಿಗೆ ಹೆಂಡತಿ ಪ್ರೇಮವ್ವ ಹೌಹಾರಿ ಪ್ರೆಸ್ಸಿಗೆ ಹೇಳಿಕಳಿಸಿದಳು. ಪ್ರೆಸ್ಸಿನ ಇಸಾಕಸಾಬ ಜಾಗ ಉಳಿದಿದ್ದ ಕಡೆ ಸೋಮಣ್ಣನನ್ನು ಸೇರಿಸಿದ. ಜಾಗ ಉಳಿದದ್ದು ತಳದಲ್ಲಿ.

ಸೋದರಮಾವ ಕೈಹಿಡಿದು ಕರೆತರದೆ ಆ ಮನೆತನದಲ್ಲಿ ಮದುಮಗಳು ಮಂಟಪ ಏರುವುದಿಲ್ಲ. ಸೋಮಣ್ಣ ತಾನು ಬರುವುದಿಲ್ಲವೆಂದು ತಿಳಿಸಿದ. ಬೇರೆ ಪತ್ರಿಕೆ ಹಾಕಿಸುತ್ತೇನೆಂದು ಮೈಲಾರೆಪ್ಪ ಓಡಿಬಂದರೆ, ಮೊದಲಿನದು ಆಗಲೇ ಹಾವೇರಿ ಮುಟ್ಟಿದೆ, ಇನ್ನೊಂದು ಹಾಕಿಸಿದರೆ ಓದದವರೂ ಎರಡನ್ನೂ ಜೋಡಿಸಿ ಓದುತ್ತಾರೆ ಎಂದ. ತರ್ಕದಲ್ಲಿ ತಪ್ಪಿರಲಿಲ್ಲ.

ಅರುಣಾ ಪುಣೆಯ ಒಂದು ಪ್ರಯೋಗಾಲಯದಲ್ಲಿದ್ದಳು. ಅವಳ ಕೆಲಸ ಪ್ರತಿಕಾಯಗಳದು. ಅಂದರೆ ಹೊರಗಿನಿಂದ ಮೈಹೊಕ್ಕದ್ದನ್ನು ಗುರುತು ಹಿಡಿದು ಬಿಗಿಯಾಗಿ ಅಂಟಿಕೊಳ್ಳುವ, ರಕ್ತದೊಳಗಿನ ಕಾವಲುಗಾರರದು. ಒಮ್ಮೆ ಕಂಡ ವೈರಿಯನ್ನು ದೇಹ ವರ್ಷಗಟ್ಟಲೆ ಮರೆಯುವುದಿಲ್ಲ ಎಂದು ಅವಳು ವಿವರಿಸಿದಾಗ, ತಮ್ಮನನ್ನು ಬಲ್ಲ ಪ್ರೇಮವ್ವನಿಗೆ ಅದು ಹೊಸ ವಿಜ್ಞಾನವೆನ್ನಿಸಿರಲಿಲ್ಲ. ಮೆಣಸಿನಕಾಯಿ ದೂಳಿಗೆ ಕೆಲವರೇಕೆ ಸೀನುತ್ತಾರೆ, ಕೆಲವರೇಕೆ ಸೀನುವುದಿಲ್ಲ ಎಂದು ಬ್ಯಾಡಗಿಯ ಹಮಾಲರ ರಕ್ತ ಪರೀಕ್ಷಿಸಿ ಬರೆದ ಲೇಖನದಿಂದ ಅವಳಿಗೆ ಹೆಸರು ಬಂದಿತ್ತು. ಹೊರದೇಶದವರೂ ತಮ್ಮ ಲೇಖನಗಳಲ್ಲಿ ಅದನ್ನು ಉಲ್ಲೇಖಿಸುತ್ತಿದ್ದರು. ಅಂದು ಸೂಜಿಗೆ ಹೆದರಿ ಹಿಂದೆ ಸರಿದ ಹಮಾಲರ ಮುಂದೆ ಅಂಗಿಯ ತೋಳು ಮಡಚಿ ಮೊದಲು ಕೈ ಚಾಚಿದವನು ಸೋಮಣ್ಣ. ಅವನು ಬಾರದೆ ತಾನೂ ಮಂಟಪಕ್ಕೆ ಬರುವುದಿಲ್ಲವೆಂದು ಅರುಣಾ ಹೇಳಿದಳು. ಹೇಳಿ, ಆ ಲೇಖನವನ್ನೇ ಹಿಡಿದು ರಾಣೆಬೆನ್ನೂರಿನ ರೈಲು ಹತ್ತಿದಳು.

ಸೋಮಣ್ಣ ಅವಳಿಗೆ ಚಹಾ ತರಿಸಿದ. ಅವಳು ಲೇಖನದ ಶೀರ್ಷಿಕೆಯ ಕೆಳಗಿದ್ದ ಹೆಸರುಗಳನ್ನು ತೋರಿಸಿದಳು.

“ಮಾಮಾ, ಇದರಾಗ ಎಲ್ಲಾರಕಿಂತ ದೊಡ್ಡಾವ್ರು ಯಾರು, ಹೇಳ್ರಿ.”

“ಮೊದಲ ನಿನ್ನ ಹೆಸರೈತಿ. ನೀನ ದೊಡ್ಡಾಕಿ.”

“ನಾ ದುಡದಾಕಿ, ಬಾಟ್ಲಿ ತೊಳದಾಕಿ. ಕಡೀಕ ಐತಲ್ಲ, ಅವರು ನಮ್ಮ ಗೈಡ್. ಲ್ಯಾಬ್ ಅವರದು. ಅವರು ಹೂಂ ಅನ್ನದ ಒಂದ ಇಲಿನೂ ಅಲ್ಲಾಡಂಗಿಲ್ಲ.”

ಸೋಮಣ್ಣ ಕನ್ನಡಕ ಹಾಕಿಕೊಂಡ. ಎಲ್ಲ ಕಡೆಗೂ ಹೀಗೆಯೋ ಎಂದು ಕೇಳಿದ. ತಮ್ಮ ವಿದ್ಯೆಯಲ್ಲಂತೂ ಬಹುಮಟ್ಟಿಗೆ ಹೀಗೆಯೇ ಎಂದಳು. ಪೂರ್ತಿ ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅವನು ಗಲ್ಲಾಪೆಟ್ಟಿಗೆಯಿಂದ ಲಗ್ನಪತ್ರಿಕೆ ತೆಗೆದು ಲೇಖನದ ಪಕ್ಕ ಇಟ್ಟ.

“ಮತ್ತ ನಡಬರ್ಕ ಇರಾವ್ರು?”

“ಅಷ್ಟಿಷ್ಟು ಕೈ ಹಚ್ಚಿದಾವ್ರು. ಅವರ ಹೆಸರು ಯಾರೂ ಓದಂಗಿಲ್ಲ.”

ಕೋಲ್ಡ್ ಸ್ಟೋರೇಜಿನ ಮಾಲಕರ ಮೇಲೆ ಸೋಮಣ್ಣನ ಬೆರಳು ಸಾವಕಾಶ ಹಾದುಹೋಯಿತು. ಆಮೇಲೆ ಮೇಲಕ್ಕೆ ಸರಿದು ಭರಮಣ್ಣನ ಹೆಸರಿನ ಮೇಲೆ ನಿಂತಿತು.

“ಹಂಗಾರ ಬಾಟ್ಲಿ ತೊಳಿಯಾಂವ ಇಂವ.”

ಹಂಚಲೆಂದು ಮೈಲಾರೆಪ್ಪ ಕಳಿಸಿದ್ದ, ಸೋಮಣ್ಣ ಮೂಲೆಗೆ ಎಸೆದಿದ್ದ ಲಗ್ನಪತ್ರಿಕೆಗಳ ಕಟ್ಟು ಅಂದೇ ಬಿಚ್ಚಿಕೊಂಡಿತು. ಬೀಜ ಕೊಳ್ಳಲು ಬಂದ ಹಲಗೇರಿಯ ಒಕ್ಕಲಿಗರಿಗೂ, ಬರಿದೇ ಚಹಾಕ್ಕೆ ಬಂದವರಿಗೂ ಸೋಮಣ್ಣ ಒಂದೊಂದು ಕೊಟ್ಟು, ಕೊನೆಯ ಸಾಲಿನಿಂದ ಮೇಲ್ಮುಖವಾಗಿ ಓದಿಸಿದ. ವೈಜ್ಞಾನಿಕ ಹಿನ್ನೆಲೆಯನ್ನೂ ತಿಳಿಸಿದ.

ಸುದ್ದಿ ಭರಮಣ್ಣನನ್ನು ಮುಟ್ಟಿತು. ಅವನು ಹಾವೇರಿಯಿಂದ ನೇರ ಬ್ಯಾಡಗಿಗೆ ಬಂದು, ನಡುಮನೆಯಲ್ಲಿ ನಿಂತೇ ಅರುಣಾಳನ್ನು ವಿಚಾರಿಸಿದ. ಮೊದಲ ಹೆಸರು ಕೂಲಿಯವನದೇನು?

“ದುಡದಾವ್ರದು, ದೊಡ್ಡಪ್ಪಾ. ನಾ ಆ ಜಾಗಾ ಯಾರಿಗೂ ಬಿಟ್ಟುಕೊಡಂಗಿಲ್ಲ. ದುಡೀದ ಅಲ್ಲಿ ಹೆಸರು ಹಾಕಿಸಿಗೊಂಡ್ರ ಮಂದಿ ಕಳ್ಳ ಅಂತಾರ.”

ಭರಮಣ್ಣ ಕುಳಿತುಕೊಂಡ. ಅಷ್ಟು ವರ್ಷ ಎಲ್ಲರ ಮದುವೆಗಳಲ್ಲೂ ಕುರ್ಚಿ ಬಿಟ್ಟು ಏಳದೆ ಬಂದಿದ್ದ ಮನುಷ್ಯ ಅವನು.

ಮದುವೆಯ ದಿನ ಸೋಮಣ್ಣ ರುಮಾಲು ಸುತ್ತಿ, ಅರುಣಾಳ ಕೈಹಿಡಿದು ಮಂಟಪಕ್ಕೆ ತಂದ. ಮೆಣಸಿನಕಾಯಿ ಮಾರ್ಕೆಟ್ಟಿನ ಗಾಳಿಗೆ ದಾರಿಯುದ್ದಕ್ಕೂ ಸೀನಿದ. ಅವಳು ನಗುತ್ತ, ಅವನ ರಕ್ತದ ಫಲಿತಾಂಶ ಸರಿಯಾಗಿಯೇ ಇತ್ತೆಂದಳು. ಅತ್ತ ಊಟದ ಸಾಲಿನಲ್ಲಿ ಭರಮಣ್ಣ ಧೋತರ ಮೇಲೆ ಕಟ್ಟಿ ಹುಗ್ಗಿ ಬಡಿಸುತ್ತಿದ್ದ. ಬೇಡವೆಂದವರಿಗೂ ಬಿಡಲಿಲ್ಲ. ನಡುವಿನ ಹೆಸರುಗಳವರೆಲ್ಲ ಕೂತು ಉಂಡರು.

ಅರುಣಾಳ ಲೇಖನವನ್ನು ಜಗತ್ತಿನಲ್ಲಿ ಈಗಲೂ ಅಲ್ಲಲ್ಲಿ ಉಲ್ಲೇಖಿಸುತ್ತಾರೆ. ಅದರ ತಲೆಬರಹದ ಕೆಳಗಿನ ಹೆಸರುಗಳ ಸಾಲನ್ನು ಮಾತ್ರ ನಮ್ಮ ಕಡೆ ಹೆಚ್ಚು ಉಲ್ಲೇಖಿಸಿದರು. ಮರುವರ್ಷದಿಂದ ಇಸಾಕಸಾಬ ಲಗ್ನಪತ್ರಿಕೆಗಳ ತಳದಲ್ಲಿ ಹೆಚ್ಚು ಜಾಗ ಬಿಡತೊಡಗಿದ.