ಲಕಾರ, ಳಕಾರ

ಮೌಸನ್ನು ಮೆಲ್ಲಗೆ ಎಡಕ್ಕೆ ಎಳೆದಳು, ಪರದೆಯ ಮೇಲೆ ಕಿಣ್ವ ಮಗ್ಗುಲು ಬದಲಿಸಿತು, ನಿದ್ದೆಯಲ್ಲಿರುವ ಮಗುವಿನ ಹಾಗೆ — ಅಷ್ಟರಲ್ಲಿ ಹಿಂದಿನ ಮೇಜಿನವನ ಕುರ್ಚಿ ಕಿರ್ರೆಂದಿತು, ಅಷ್ಟಕ್ಕೇ ಎದೆಯಿಂದ ಹಾಲು ತೊಟ್ಟಿಕ್ಕತೊಡಗಿತು, ಮಗುವಿನ ಅಳುವಿಗೂ ಕುರ್ಚಿಗೂ ವ್ಯತ್ಯಾಸ ತಿಳಿಯದ ಪೆದ್ದು ಎದೆ, ಬಿಳಿ ಕೋಟಿನ ಗುಂಡಿ ಹಾಕಿಕೊಂಡಳು, ಯಾರೂ ನೋಡಲಿಲ್ಲ, ನೋಡಿದರೂ ಏನು ಕೇಳುತ್ತಾರೆ, ಈ ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತು, ಅವಳ ಮಗುವಿಗೆ ಹಾಲು ಆಗಿಬರುವುದಿಲ್ಲ, ತಾಯಿಯದ್ದೂ. ಅವಳ ಕೆಲಸ ಬೇರೆಯದೇ ಕಿಣ್ವದ ಮೇಲೆ, ಮಗುವಿನ ಈ ಕಿಣ್ವವನ್ನು ಊಟದ ಹೊತ್ತಿಗೆ ಕದ್ದು ತೆರೆಯುತ್ತಾಳೆ, ನೂರಾ ಎಂಬತ್ತೆಂಟನೆಯ ಜಾಗ, ಅಲ್ಲಿ ಗ್ಲುಟಮೀನ್ ಎಂಬ ಅಮೈನೋ ಆಮ್ಲ ಇರಬೇಕಿತ್ತು, ಆರ್ಜಿನೀನ್ ಬಂದು ಕೂತಿದೆ, ಉಳಿದ ಸುರುಳಿ ಮಡಿಕೆಗಳೆಲ್ಲ ಹೆಚ್ಚುಕಮ್ಮಿ ಇದ್ದ ಹಾಗೇ ಇವೆ, ಎರಡು ಬೆರಳಲ್ಲಿ ಹಿಡಿಯಬೇಕಾದದ್ದನ್ನು ಇದು ಒಂದರಲ್ಲಿ ಹಿಡಿಯಲು ಹೋಗಿ ಕೈಜಾರುತ್ತದೆ, ಅಷ್ಟೇ, ಹಾಲಿನ ಸಕ್ಕರೆ ಮುಂದೆ ಸಾಗದೆ ಒಳಗೇ ಕೂಡಿಕೊಂಡು ವಿಷವಾಗುತ್ತದೆ, ಪುಟ್ಟ ಲಿವರ್ ಊದುತ್ತದೆ, ಕಣ್ಣು ಹಳದಿಯಾಗುತ್ತದೆ, ಆ ಮೊದಲ ದಿನಗಳಲ್ಲಿ ಅವಳೇ ಅಲ್ಲವೇ ಕೆನ್ನೆ ತಟ್ಟಿ ತಟ್ಟಿ ಎಬ್ಬಿಸಿ ಕುಡಿಸಿದ್ದು, ಕುಡಿ ಕಂದಾ, ಇನ್ನೊಂಚೂರು ಕುಡಿ. ಅಪ್ಪನಿಂದ ಒಂದು ಕೆಟ್ಟ ಜೀನ್, ಅಮ್ಮನಿಂದ ಒಂದು, ಎರಡೂ ಕೂಡಿದರೆ ಮಾತ್ರ ಹೀಗಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದಾಗ ಗಂಡ ಹೊರಗೆ ಬಂದು, ಅಂತೂ ಒಂದು ವಿಷ್ಯದಲ್ಲಾದ್ರೂ ನಮ್ಮಿಬ್ರಿಗೆ ಹೊಂದಾಣಿಕೆ ಆಯ್ತಲ್ಲ ಕಣೇ ಅಂದಿದ್ದ, ಅಂದವನೇ ಗೋಡೆಗೆ ಮುಖ ಮಾಡಿ ಅತ್ತಿದ್ದ. ಅವನಿಗೆ ಲ ಮತ್ತು ಳ ಎರಡೂ ಒಂದೇ, ಮದುವೆಯ ಹೊಸತರಲ್ಲಿ ಮೆಸೇಜು ಬರುತ್ತಿತ್ತು, ಬರ್ತಾ ಹಾಳು ತರ್ತೀನಿ, ಅವಳು ಬರೆಯುತ್ತಿದ್ದಳು, ತಾ, ಮನೇಲಿರೋ ಹಾಳು ಸಾಲ್ದು. ಈ ಬೆಳಿಗ್ಗೆಯೂ ಬಂತು, ಪಾಪು ಸೋಯಾ ಹಾಳು ಪೂರ್ತಿ ಕುಡೀತು. ಒಂದೇ ಅಕ್ಷರ, ಪದದ ಮೈಕಟ್ಟು ಹಾಗೇ ಇರುತ್ತದೆ, ನಾಲಿಗೆಯ ತುದಿ ಒಂಚೂರು ಹಿಂದಕ್ಕೆ ಮಡಚಿಕೊಳ್ಳುತ್ತದೆ — ಮಡಚಿಕೊಂಡು ನೋಡಿದಳು, ಬಾಯೊಳಗೇ, ಸದ್ದಿಲ್ಲದೆ. ಪೂರ್ತಿ ಕುಡಿಯಿತಂತೆ, ಅತ್ತೆಯ ಮಡಿಲಲ್ಲಿ, ಅವಳಿಗೆ ಅಲ್ಲಿ ಜಾಗವಿಲ್ಲ, ನೀನು ಆಚೆ ಕೂತ್ಕೋ ತಾಯಿ, ನಿನ್ನ ವಾಸನೆ ಬಂದ್ರೆ ಬಾಟ್ಲಿ ಮುಟ್ಟಲ್ಲ ಅದು, ಅತ್ತೆಯದು ಕೊಂಕಲ್ಲ, ನಿಜವೇ, ಅವಳು ಕೋಣೆಗೆ ಕಾಲಿಟ್ಟರೆ ಸಾಕು, ಮುಚ್ಚಿದ ಕಣ್ಣು ಮುಚ್ಚಿದ ಹಾಗೇ ಆ ಪುಟ್ಟ ಮುಖ ಇತ್ತ ತಿರುಗುತ್ತದೆ, ಬಾಯಿ ತೆರೆದು, ಮೂಗಿನಿಂದಲೇ ಹುಡುಕುತ್ತ — ಅವಳು ಹಿಂದಕ್ಕೆ ಸರಿಯುತ್ತಾಳೆ, ಬಚ್ಚಲಿಗೆ ಹೋಗಿ ಹಿಂಡಿ ನಲ್ಲಿ ತಿರುಗಿಸುತ್ತಾಳೆ, ಬೆಳ್ಳಗೆ ಹೋಗುವುದನ್ನು ನೋಡುತ್ತ ನಿಲ್ಲುತ್ತಾಳೆ. ಪ್ರಯೋಗಾಲಯದ ಬಾಗಿಲಲ್ಲಿ ಯಾರೋ, ಗಂಡ, ಬೆವರಿದ್ದಾನೆ, ಆಸ್ಪತ್ರೆಯಿಂದ ನೇರ ಬಂದೆ ಎನ್ನುತ್ತಾನೆ, ಡಾಕ್ಟರಮ್ಮ ಹಾಲು ನಿಲ್ಲಿಸುವ ಮಾತ್ರೆ ಕೊಟ್ಟಿದ್ದಾರಂತೆ, ನಿಂತುಹೋದ್ರೆ ವಾಸನೆ ಇರಲ್ಲ ಕಣೇ, ಆಮೇಲೆ ನೀನೇ ಎತ್ಕೊಂಡು ಕುಡಿಸ್ಬಹುದು, ಅಮ್ಮಂಗೂ ಸುಸ್ತಾಗಿದೆ. ತಪ್ಪೇನಿಲ್ಲ ಅವನ ಮಾತಿನಲ್ಲಿ, ಎತ್ತಿಕೊಳ್ಳಬಹುದು, ತೋಳಲ್ಲಿ ಆ ಭಾರ, ಆ ಬಿಸಿ, ಹೌದು, ಬಾಟ್ಲಿ ಹಿಡಿದ ಯಾರೋ ಒಬ್ಬಳ ಹಾಗೆ, ಅತ್ತೆಯ ಹಾಗೆ, ನರ್ಸಿನ ಹಾಗೆ, ಆದರೆ ಹಾಲು ನಿಂತ ಮೇಲೆ ಅವಳು ಕೋಣೆಗೆ ಕಾಲಿಟ್ಟಾಗ ಆ ಮುಖ ತಿರುಗುವುದಿಲ್ಲ, ಗೋಡೆಯ ಕಡೆಗೇ ಇರುತ್ತದೆ, ಇಷ್ಟು ದೊಡ್ಡ ಲೋಕದಲ್ಲಿ ಅವಳನ್ನು ಹುಡುಕುವುದು ಅದೊಂದೇ, ಮುಚ್ಚಿದ ಕಣ್ಣು, ತೆರೆದ ಬಾಯಿ, ತಿರುಗುವ ಮುಖ, ತಿರುಗುವ ಮುಖ — ಅವನು ಅಂಗೈ ಚಾಚಿದ.

ತಗೋ, ನೀರು ತರ್ಲಾ?

ಬೇಡ.

ನೀರು ಬೇಡ್ವಾ?

ಮಾತ್ರೆ ಬೇಡ.